ಸೈಲಸ್ ಥೋರ್ನ್ ಎಂಬ ಹೆಸರು

ಅಪ್ಪ,

ಇವತ್ತು ಹೋಬಾರ್ಟಿನ ದಾಖಲೆ ಕಚೇರಿಗೆ ಹೋಗಿದ್ದೆ. ನಮ್ಮ ಮೂಲಪುರುಷ ಸೈಲಸ್ ಥೋರ್ನ್ ಬಂದ ಹಡಗಿನ ವೈದ್ಯನ ದಿನಚರಿ ಸಿಕ್ಕಿತು. ಬಡಗಿ ಸೈಲಸ್ ದಾರಿಯಲ್ಲೇ ಸತ್ತ, ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳಿದ್ದವು, ಹೆಣವನ್ನು ಸಮುದ್ರಕ್ಕೆ ಬಿಟ್ಟೆವು ಎಂದು ಬರೆದಿದ್ದಾನೆ. ಅದಾಗಿ ಎರಡು ತಿಂಗಳಿಗೆ ಇಲ್ಲಿ ಅದೇ ಹೆಸರಿಗೆ ಜಮೀನು ಮಂಜೂರಾಗಿದೆ.

“ಸತ್ತವನು ಈಜ್ಕೊಂಡು ಬಂದು ಜಮೀನು ತಗೊಂಡ್ನೇನಮ್ಮಾ?” ಎಂದು ಕಚೇರಿಯ ವಿನಿಫ್ರೆಡ್ ನಕ್ಕಳು. ಹಾಗಾದರೆ ಅವನ ಹೆಸರು ಹೊತ್ತು ಇಲ್ಲಿ ಇಳಿದವನು ಯಾರು? ನಾವು ಯಾರ ಮಕ್ಕಳು?

“ಇಲ್ಲೊಂದು ಸಹಿ ಹಾಕಿ. ನಿಮಗಿಂತ ಮುಂಚೆ ಇದನ್ನ ನೋಡಿದವರು ಒಬ್ಬರೇ” ಎಂದು ಅವಳು ಪುಸ್ತಕ ಮುಂದಿಟ್ಟಳು.

ಮೇಲಿನ ಸಾಲಿನಲ್ಲಿದ್ದ ಆ ಒಂದೇ ಸಹಿ ನಿನ್ನದು. ನನ್ನ ಮಗನ ನಾಮಕರಣದ ಹಿಂದಿನ ದಿನದ್ದು.

ಮರುದಿನ ಚರ್ಚಿನ ಬಾಗಿಲಲ್ಲಿ ನೀನು ನನ್ನ ಕೈ ಹಿಡಿದು, “ಸೈಲಸ್ ಅಂತ ಮಾತ್ರ ಬೇಡ ಮಗಳೇ, ಬೇರೆ ಏನಾದ್ರೂ ಇಡು” ಎಂದೆ. “ಎಲ್ಲದಕ್ಕೂ ನಿಂದೇ ಹಠ” ಎಂದು ನಾನು ಎಲ್ಲರೆದುರು ಕೈ ಕೊಡವಿಕೊಂಡೆ. ಯಾಕೆ ಎಂದು ಕೇಳಲಿಲ್ಲ. ಸಾಯುವವರೆಗೂ ನೀನು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಮನೆಯೆದುರು ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಮೂವತ್ತು ದಾಟಿದ ನನ್ನ ಸೈಲಸ್ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ: “ಅಮ್ಮಾ, ನನ್ನ ಹೆಸರಿನ ಅಜ್ಜ ಸಿಕ್ಕಿದ್ನಾ?”

ಇಳಿಯಲು ಧೈರ್ಯ ಸಾಲುತ್ತಿಲ್ಲ, ಅಪ್ಪ.