ಬರೀ ಸಹಿ ಇರುವ ಹಾಳೆ

ಆಫೀಸಿನಿಂದ,
ಒಂಬತ್ತನೆಯ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಮೊಂಡಿ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಸರಿಯಾಗಿ ನಿದ್ದೆ ಬರುತ್ತಿದೆಯೇ? ನಿನಗೆ ಎಂಟು ತಿಂಗಳು ತುಂಬಿತು ಎಂದು ಅಮ್ಮ ಹೇಳಿದಳು. ಮಂಡಿನೋವು ಬಿಟ್ಟರೆ ಅವಳು ಚೆನ್ನಾಗಿದ್ದಾಳೆ. ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಾನೇ ಹೊರಟು ಬರೋಣವೆಂದರೆ, ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿ ಕಳಿಸಿದ್ದೀಯ. ಕವರಿನ ಮೇಲೆ ನನ್ನ ಅಕ್ಷರ ಕಂಡರೆ ಒಡೆಯದೆಯೇ ಮೂಲೆಗೆ ಎಸೆಯುವ ಪೈಕಿ ನೀನು. ಅದಕ್ಕೇ ಇವತ್ತು ಬೆಳಿಗ್ಗೆ ವಿಳಾಸವನ್ನು ಅಮ್ಮನ ಕೈಯಲ್ಲಿ ಬರೆಸಿಕೊಂಡು ಬಂದೆ. ಬೈದುಕೊಂಡೇ ಓದು ತಾಯಿ, ಆದರೆ ಕೊನೆಯವರೆಗೂ ಓದು.

ನನ್ನ ಕೆಲಸ ನಿನಗೆ ಗೊತ್ತಿರುವುದೇ. ಕಾರ್ಮಿಕ ಕಾನೂನು ಬದಲಾದಾಗಲೆಲ್ಲ ಅದನ್ನು ಓದಿ, ಯಾವ ರಿಜಿಸ್ಟರ್ ತಿದ್ದಬೇಕು, ಯಾವ ನೋಟಿಸನ್ನು ಯಾವ ತಾರೀಖಿನೊಳಗೆ ಗೋಡೆಗೆ ಅಂಟಿಸಬೇಕು ಎಂದು ಯಜಮಾನರಿಗೆ ಬಿಡಿಸಿ ಹೇಳುವುದು. ನಮಗೆ ನಲವತ್ತು ಪಾರ್ಟಿಗಳು, ಎಲ್ಲ ಸಣ್ಣಪುಟ್ಟ ಕಾರ್ಖಾನೆ, ಗೋದಾಮುಗಳು. ಒಂಬತ್ತು ವರ್ಷದಲ್ಲಿ ಒಬ್ಬರಿಗೂ ನೋಟಿಸ್ ಬರಲು ಬಿಟ್ಟವಳಲ್ಲ ನಾನು. ಆ ಜಂಬ ನನ್ನ ತಲೆಗೇರಿತ್ತು. ಮದುವೆಯಾದ ಹೊಸತರಲ್ಲಿ ನೀನು ಎಲ್ಲಾದರೂ ಕೆಲಸ ಕೊಡಿಸು ಎಂದಾಗ, “ನಮ್ಮ ಪಾರ್ಟಿಗಳ ಹತ್ರ ಮಾತ್ರ ಹೋಗಿ ನಿಂತ್ಕೋಬೇಡ, ನನ್ನ ಮರ್ಯಾದೆ ಕಳೀಬೇಡ” ಅಂದುಬಿಟ್ಟೆ. ನೀನು ಹೂಂ ಎಂದು ತಲೆಯಾಡಿಸಿ, ನನಗೆ ಹೇಳದೆ ಕೇಳದೆ ಕಾಂಟ್ರಾಕ್ಟರ್ ಹಿಡಿದು ರಟ್ಟಿನ ಡಬ್ಬಿ ಕಾರ್ಖಾನೆಗೆ ಸೇರಿಕೊಂಡೆ. ಅದೂ ನಮ್ಮ ಪಾರ್ಟಿಯೇ ಎಂದು ನಿನಗೆ ಗೊತ್ತಿತ್ತೋ ಇಲ್ಲವೋ, ಈಗಲೂ ನನಗೆ ತಿಳಿಯದು.

ಎಂಟು ತಿಂಗಳು ಎಡೆಬಿಡದೆ ದುಡಿದವಳಿಗೆ ಸಂಬಳದ ಜೊತೆ ಹೆರಿಗೆ ರಜೆ, ಮುಗಿಸಿ ಬಂದರೆ ಅದೇ ಕೆಲಸ ಎಂದು ಕಾನೂನು. ಆದರೆ ಎಂಟು ತುಂಬುವ ಮೊದಲೇ ಹದಿನೈದು ದಿನ ಬಿಡಿಸಿ, ಹೊಸ ಟೋಕನ್ ಕೊಟ್ಟು ಮತ್ತೆ ಸೇರಿಸಿಕೊಂಡರೆ ಎಣಿಕೆ ಮೊದಲಿನಿಂದ ಶುರುವಾಗುತ್ತಿತ್ತು. ನಾವು ಅದಕ್ಕೆ ಬ್ರೇಕ್ ಅನ್ನುತ್ತೇವೆ. ಆಗ ಅದು ಕಾನೂನಿಗೆ ವಿರುದ್ಧವಾಗಿರಲಿಲ್ಲ, ಆ ಒಂದು ಮಾತು ಹೇಳಿಕೊಂಡೇ ನಾನು ನೆಮ್ಮದಿಯಾಗಿದ್ದೆ. ತಿಂಗಳಿಗೊಮ್ಮೆ ಕಾರ್ಖಾನೆಯಿಂದ ಪಟ್ಟಿ ಬರುತ್ತದೆ. ಅದರಲ್ಲಿ ಹೆಸರಿಲ್ಲ, ಟೋಕನ್ ನಂಬರ್ ಮತ್ತು ಸೇರಿದ ತಾರೀಖು ಅಷ್ಟೇ. ಟೀ ಕುಡಿಯುತ್ತಾ ಯಾರಿಗೆ ಬ್ರೇಕ್ ಎಂದು ಕೆಂಪು ಪೆನ್ನಿನಲ್ಲಿ ಟಿಕ್ ಹಾಕುವುದು ನನ್ನ ಕೆಲಸ. ಎರಡು ತಿಂಗಳ ಹಿಂದೆ ನಲವತ್ತೇಳನೇ ನಂಬರಿಗೆ ಟಿಕ್ ಹಾಕಿದೆ. ದುಡಿಮೆಗೆ ಎಂಟು ತಿಂಗಳು ತುಂಬಲು ಹತ್ತೇ ದಿನ ಇತ್ತು. ಹದಿನೈದು ದಿನ ಬಿಟ್ಟು ಮಿಕ್ಕವರನ್ನು ಕರೆದರು, ಬಸುರಿಯರಾಗಿದ್ದ ಹನ್ನೆರಡು ಹೆಂಗಸರನ್ನು ಕರೆಯಲೇ ಇಲ್ಲ. ನಿನ್ನ ಕೆಲಸ ಹೋಯಿತೆಂದು ಅಮ್ಮ ಕಣ್ಣೀರು ಹಾಕಿದಾಗ ನಾನು, ಯಾವ ಕಾರ್ಖಾನೆ ಎಂದೂ ಕೇಳದೆ, “ಅವಳು ಎಲ್ಲೂ ನೆಲೆ ನಿಲ್ಲೋಳಲ್ಲ ಬಿಡು” ಅಂದೆ. ಆ ಮಾತು ನಿನ್ನ ಕಿವಿಗೆ ಬಿತ್ತು, ನೀನು ನನ್ನ ಜೊತೆ ಮಾತು ಬಿಟ್ಟೆ.

ಕಳೆದ ತಿಂಗಳು ಇಪ್ಪತ್ತರಂದು ಕಾನೂನು ಬದಲಾಯಿತು. ಇನ್ನು ಮೇಲೆ ಬ್ರೇಕ್ ಲೆಕ್ಕಕ್ಕಿಲ್ಲ. ಹಿಂದೆ ಹಾಗೆ ಕೆಲಸ ಕಳೆದುಕೊಂಡವರೂ ಒಂದು ತಿಂಗಳೊಳಗೆ ಅರ್ಜಿ ಕೊಟ್ಟರೆ ರಜೆ, ಸಂಬಳ, ಕೆಲಸ ಎಲ್ಲವನ್ನೂ ಕೊಡಲೇಬೇಕು. ತಾನಾಗಿ ರಾಜೀನಾಮೆ ಕೊಟ್ಟವಳಿಗೆ ಮಾತ್ರ ಇಲ್ಲ. ಮೊನ್ನೆ ಮಂಗಳವಾರ ಡಬ್ಬಿ ಕಾರ್ಖಾನೆಯ ಯಜಮಾನರು ಬಂದು, ನನ್ನ ಮೇಜಿನ ಮೇಲೆ ಹನ್ನೆರಡು ಹಾಳೆ ಇಟ್ಟರು. ಹನ್ನೆರಡೂ ಖಾಲಿ. ಕೆಳಗಡೆ ಬರೀ ಸಹಿ, ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಟೋಕನ್ ನಂಬರ್. ಕೆಲಸಕ್ಕೆ ಸೇರುವ ದಿನ ಫಾರಂಗಳ ಮಧ್ಯೆ ತೂರಿಸಿ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅವು. ನಾನು ನೋಡಿಯೂ ನೋಡದಂತಿದ್ದ ಹಾಳೆಗಳು. “ಎಲ್ಲದರ ಮೇಲೂ ಸ್ವಂತ ಕಾರಣಕ್ಕೆ ರಾಜೀನಾಮೆ ಅಂತ ಟೈಪ್ ಮಾಡ್ಕೊಡಿ ಮೇಡಂ, ಸೋಮವಾರ ಫೈಲಿಗೆ ಸೇರಿಸೋಣ” ಎಂದರು, ಪಾಪ, ತುಂಬಾ ವಿನಯದಿಂದಲೇ. ಐದನೆಯ ಹಾಳೆ ತಿರುಗಿಸಿದೆ. ಕೊನೆಯ ಅಕ್ಷರದ ಬಾಲವನ್ನು ಹೆಸರಿನ ಕೆಳಗೆ ಗೆರೆಯಾಗಿ ಎಳೆದು ಎರಡು ಚುಕ್ಕೆ ಇಡುವವರು ಇನ್ಯಾರಿದ್ದಾರೆ? ಹೈಸ್ಕೂಲಿನಲ್ಲಿ ನಿನಗೆ ಸಹಿ ಹಾಕಲು ಕಲಿಸಿದವಳೇ ನಾನು. ಮೂಲೆಯಲ್ಲಿ ನಲವತ್ತೇಳು ಅಂತಿತ್ತು.

ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ ಮೊಂಡಿ. ನಿನ್ನ ಸಹಿ ಕಾಣುವವರೆಗೆ ಮೊದಲ ನಾಲ್ಕು ಹಾಳೆಗಳನ್ನು ನಾನು ಸುಮ್ಮನೆ ತಿರುಗಿಸಿದ್ದೆನಲ್ಲ, ಅದನ್ನು ನೆನೆದರೆ ನನ್ನ ಮುಖ ನನಗೇ ನೋಡಿಕೊಳ್ಳಲಾಗುವುದಿಲ್ಲ. ಅವರೂ ಯಾರದೋ ತಂಗಿಯರೇ. ಟೈಪ್ ಮಾಡಿದರೆ ನಿನ್ನ ಹೊಟ್ಟೆಯ ಮೇಲೆ ನಾನೇ ಹೊಡೆದಂತೆ. ಮಾಡದಿದ್ದರೆ ಅವರು ಬೇರೆಯವರ ಹತ್ತಿರ ಮಾಡಿಸುತ್ತಾರೆ. ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಈ ಊರಿನಲ್ಲಿ ಇಂಥ ಗಂಟು ಬಿದ್ದಾಗ ಎಲ್ಲರೂ ಬರುವುದು ನನ್ನ ಹತ್ತಿರವೇ.

ನನ್ನನ್ನು ಕ್ಷಮಿಸು ಅನ್ನುವುದಿಲ್ಲ, ಅದು ನಿನಗೆ ಬಿಟ್ಟದ್ದು. ಹೊತ್ತು ಹೊತ್ತಿಗೆ ಊಟ ಮಾಡು, ಭಾರ ಎತ್ತಬೇಡ. ನಿನ್ನ ಅತ್ತೆಗೂ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ನೀನೂ ಕೂಸೂ ಸುಖವಾಗಿ ಎರಡಾಗಿ.

ನಿನ್ನ ಅಕ್ಕ

ಮರೆತೆ: ಮೂರು ಗಂಟೆಗೆ ಕೊರಿಯರ್ ಮುಚ್ಚುತ್ತಾರೆ, ಬೇಗ ಬರೆಯುತ್ತೇನೆ. ಹನ್ನೆರಡು ಹಾಳೆಗಳೂ ಇದೇ ಕವರಿನಲ್ಲಿವೆ. ನಾನು ಟಿಕ್ ಹಾಕಿದ ಪಟ್ಟಿಯೂ ಇದೆ. ಒಂದನ್ನೂ ಹರಿಯಬೇಡ. ಅರ್ಜಿಯನ್ನು ದುಡಿದವರೇ ಕೊಡಬೇಕು, ನಾನು ಕೊಟ್ಟರೆ ನಡೆಯುವುದಿಲ್ಲ. ನಿಮ್ಮೂರಿನ ಕಾರ್ಮಿಕ ಕಚೇರಿಯಲ್ಲೇ ತೆಗೆದುಕೊಳ್ಳುತ್ತಾರೆ, ಇಪ್ಪತ್ತರೊಳಗೆ ಹೋಗು, ಮಿಕ್ಕ ಹನ್ನೊಂದು ಜನಕ್ಕೂ ಹೇಳು. ಈ ಟಿಕ್ ಯಾರು ಹಾಕಿದ್ದು ಎಂದು ಅಲ್ಲಿ ಕೇಳಿಯೇ ಕೇಳುತ್ತಾರೆ. ನಮ್ಮಕ್ಕ ಅನ್ನು.