ಒಂದು ಬಿಗಿ, ಒಂದು ಗೆರೆ

ಅಕ್ಕಾ,

ರೇಸಿನಲ್ಲಿ ದಿಬ್ಬ ಹಾರಿಸುವಾಗ ಬಿದ್ದು ನೀನು ತೀರಿಹೋದ ಮೇಲೆ ನಿನ್ನ ಬೈಕಿನ ಟಾರ್ಪಾಲನ್ನು ಯಾರೂ ತೆಗೆದಿರಲಿಲ್ಲ. ಇವತ್ತು ಭಾವ ಶೆಡ್ಡಿಗೆ ಬಂದು, ಬೈಕನ್ನು ಕೊಳ್ಳುವವರು ಸಿಕ್ಕಿದ್ದಾರೆ, ಬೋಲ್ಟುಗಳನ್ನೊಮ್ಮೆ ನೋಡಿಬಿಡು ಎಂದರು.

"ಅವಳದೇ ಅವಸರ ಅಂತಾರೆ ಎಲ್ರೂ. ಹ್ಯಾಂಡಲ್ ಏನಾದ್ರೂ ಸಡಿಲ ಇತ್ತೇನೋ?"

ಹೆಗಲು ಮುಟ್ಟಿ ನೋಡಿಕೊಳ್ಳಲು ನಾನೇನು ಕುಂಬಳಕಾಯಿ ಕಳ್ಳನೇ? ಹ್ಯಾಂಡಲಿನ ನಾಲ್ಕು ಬೋಲ್ಟುಗಳ ಮೇಲೆ ನಾನೇ ಎಳೆದಿದ್ದ ಹಳದಿ ಗೆರೆಗಳನ್ನು ತೋರಿಸಿದೆ. ಬೋಲ್ಟು ಒಂಚೂರು ತಿರುಗಿದ್ದರೂ ಗೆರೆ ತುಂಡಾಗಿರುತ್ತಿತ್ತು. ನಾಲ್ಕೂ ನೇರವಾಗಿದ್ದವು.

"ಹಾಗಾದ್ರೆ ಅವಳದೇ ತಪ್ಪು ಬಿಡು," ಎಂದು ಭಾವ ಬಾಗಿಲಿಗೆ ಹೋಗಿ ನಿಂತರು.

ಆಮೇಲೆ ಬೋಲ್ಟುಗಳಿಗೆ ಪಾನಾ ಹಾಕಿ ನೋಡಿದೆ. ಮುಂದಿನ ಎರಡು ಬೋಲ್ಟು ಬೆರಳಿನ ಬಲಕ್ಕೇ ತಿರುಗಿದವು, ಅಕ್ಕಾ.

"ಒಂದು ಬಿಗಿ, ಒಂದು ಗೆರೆ, ಆಮೇಲೆ ಇನ್ನೊಂದು" ಎಂದು ನೀನು ಎಷ್ಟು ಬಡಕೊಂಡರೂ ನಾನು ಎಲ್ಲ ಬಿಗಿದು, ಗೆರೆಗಳನ್ನು ಕೊನೆಗೆ ಒಟ್ಟಿಗೇ ಎಳೆಯುತ್ತಿದ್ದೆ. ನೀನು ಬಿದ್ದ ದಿನ ಬೆಳಿಗ್ಗೆ ಎರಡು ಬಿಗಿಯುವಷ್ಟರಲ್ಲಿ ನೀನು ಹೆಲ್ಮೆಟ್ ಹಾಕಿಕೊಂಡು ಬಂದು "ಆಯ್ತೇನೋ?" ಎಂದೆ. ನಾನು ಪಾನಾ ಕೆಳಗಿಟ್ಟು, ಬಣ್ಣದ ಪೆನ್ನು ತೆಗೆದು, ನಾಲ್ಕಕ್ಕೂ ಸರಸರನೆ ಗೆರೆ ಎಳೆದು "ಆಯ್ತಕ್ಕ" ಎಂದೆ.

ಭಾವ ಇನ್ನೂ ನನಗೆ ಬೆನ್ನು ಮಾಡಿ ಬಾಗಿಲಲ್ಲೇ ನಿಂತಿದ್ದರು. ಹಳೆಯ ಗೆರೆಗಳನ್ನು ಒರೆಸಿದೆ. ಒಂದು ಬಿಗಿದು ಒಂದು ಗೆರೆ, ಆಮೇಲೆ ಇನ್ನೊಂದು, ನೀನು ಹೇಳಿದ ಹಾಗೇ.

"ಆಯ್ತೇನೋ?" ಎಂದರು.

"ಆಯ್ತು ಭಾವ" ಎಂದೆ.