ಕೊಲ್ಲಿಯ ಕೆಳಗಿನ ಊರು

ಬನಹಟ್ಟಿ, ೨–೮–೧೯೫೫, ಮಂಗಳವಾರ

ಸಂಜೆ ನೇಕಾರರ ಸಂಘದಲ್ಲಿ ಪಾಠ. ಬೋರ್ಡಿನ ಮೇಲೆ ಕಾರವಾರದ ಕೊಲ್ಲಿ ಬರೆದೆ. ಸುತ್ತ ಗ್ರಾನೈಟ್ ಗುಡ್ಡ. ಸಮುದ್ರದೊಳಗೆ ಚಾಚಿದ ಬಂಡೆ. ಮುಂದೆ ನಡುಗಡ್ಡೆಗಳು, ಅಲೆಯನ್ನು ಅಲ್ಲೇ ಮುರಿಯುತ್ತವೆ. ಒಳಗೆ ಆಳ ನೀರು. ಹಡಗು ನಿಲ್ಲಲು ಇದಕ್ಕಿಂತ ಛಲೋ ಜಾಗ ಬೇಕೇ? ಅಲ್ಲೇ ಒಂದು ನಡುಗಡ್ಡೆ ಇನ್ನೂ ಪೋರ್ತುಗೀಜರ ಕೈಯಲ್ಲಿ. ನಮ್ಮ ಸರಕಾರ ಕೈ ಕಟ್ಟಿ ಕೂತಿದೆ. ಕೊಲ್ಲಿ ಹಿಡಿದವ ಕರಾವಳಿ ಹಿಡಿದ ಅಂತ ಕೂಗಿ ಹೇಳಿದೆ. ಚಪ್ಪಾಳೆ.

ಉಬ್ಬರ–ಇಳಿತದ ಪುಟ ಹಾರಿಸಿದೆ. ಚಳವಳಿಗೆ ಅದು ಯಾಕೆ?

ಸಮುದ್ರ ನಾನೂ ನೋಡಿಲ್ಲ.

೫–೮

ಗೋವಾ ಸತ್ಯಾಗ್ರಹಕ್ಕೆ ಸಂಘದಿಂದ ಒಬ್ಬ. ಈರಪ್ಪನ ಹೆಸರು ನಾನೇ ಬರೆದೆ. ಮಹಾಪೂರದ ಕೃಷ್ಣೆ ಈಜಿ ದಾಟಿದವ. ಹೆಂಡತಿ ಶೇವಂತಿ ಲಾಳಿ ಕೈಯಲ್ಲಿ ಹಿಡಿದೇ ಬಂದಳು.

"ಅರ್ಧಾ ಸೀರಿ ಮಗ್ಗದ ಮ್ಯಾಲ ಐತಿ, ಮಾಸ್ತರ. ನೀವ ಯಾಕ ಹೋಗೂದಿಲ್ಲರಿ?"

"ನನಗ ಈಜು ಬರೂದಿಲ್ಲವ್ವ."

"ಭಾಷಣ ಬರತೈತಿ."

ಈರಪ್ಪ ನಕ್ಕ. "ಕೃಷ್ಣಿ ದಾಟಿದಾವಗ ಸಮುದ್ರ ಏನ ಲೆಕ್ಕ ಬೇ."

೧೭–೮

ಪೇಪರಿನ ತುಂಬ ಗೋವಾ ಗಡಿ. ಗುಂಡು. ಸತ್ತವರ ಹೆಸರು ಎರಡು ಸಲ ಓದಿದೆ. ಈರಪ್ಪನ ಹೆಸರು ಅದರಲ್ಲಿಲ್ಲ. ಶೇವಂತಿಗೆ ಹೇಳಿದೆ — ಆರಾಮ ಇದ್ದಾನೆ…

೨೦–೮, ಶನಿವಾರ

ಜೊತೆಗೆ ಹೋದ ತೇರದಾಳದ ಶಿದ್ರಾಮಪ್ಪನ ಪತ್ರ. ೧೪ರ ಮುಂಜಾನೆ, ಗಡಿಗೆ ಹೋಗುವ ಮೊದಲೇ, ಕಾರವಾರದಲ್ಲಿ ನೀರು ಹಿಂದೆ ಸರಿದು ಬಂಡೆ ಬಯಲಾಗಿತ್ತಂತೆ. ಈರಪ್ಪ ತುದಿತನಕ ನಡೆದು, ಪೋರ್ತುಗೀಜರ ನಡುಗಡ್ಡೆ ನೋಡುತ್ತ ಕೂತ. ಮೀನುಗಾರರು ಕರೆದರು — ನೀರು ಬರುತ್ತದೆ, ಏಳು. "ಘಟ್ಟದಾಗ ಮಳಿ ಇಲ್ಲ. ಇಳಿದ ನೀರು ಇವತ್ತ ಹ್ಯಾಂಗ ಏರತೈತಿ?" ಅಂದನಂತೆ. ಹೊಳೆಯ ಲೆಕ್ಕ.

ಏರಿತು. ಈಜಿದ. ಅಲೆ ಎತ್ತಿ ಬಂಡೆಗೆ ಬಡಿಯಿತು. ಹೆಣ ಸಿಕ್ಕಿಲ್ಲ.

ಯಾರಿಗೆ ಬೈಯಲಿ? ಗುಂಡು ಹಾರಿಲ್ಲ. ಪೋಲೀಸರಿಲ್ಲ. ಯಾರ ವಿರುದ್ಧ ಘೋಷಣೆ ಕೂಗಲಿ?

೨೧–೮

ಶೇವಂತಿಗೆ ಹೇಳಿದೆ. ಚಂದ್ರ, ಉಬ್ಬರ, ಇಳಿತ… ಹಾರಿಸಿದ ಆ ಪುಟ ಪೂರಾ ಹೇಳಿದೆ. ಎದ್ದು ರೊಟ್ಟಿ ಕಟ್ಟಿಕೊಂಡಳು.

ನಮ್ಮಲ್ಲಿ ಹೊಳೆಗೆ ಹೋದವರನ್ನು ಕೆಳಗಿನ ಊರಿನ ದಂಡೆಯಲ್ಲಿ ಕಾಯುತ್ತಾರೆ. ಮೂರನೆಯ ದಿನಕ್ಕೆ ಹೊಳೆ ತಂದುಕೊಡುತ್ತದೆ.

"ಕಾರವಾರದ ಕೆಳಗಿನ ಊರು ಯಾವದ್ರಿ, ಮಾಸ್ತರ? ಅಲ್ಲಿ ಹೋಗಿ ಕುಂದರತೇನಿ."

ನಕಾಶೆ ಬಿಚ್ಚಿದೆ. ಬಾಗಿಲಲ್ಲಿ ನಿಂತಿದ್ದಾಳೆ. ಕಾರವಾರದ ಕೆಳಗೆ —